ಎರಡು ಅಂತರಿಕ್ಷ ನಿಲ್ದಾಣ, ಒಂದು ಹಳೇ ಜಗಳ

ನವೆಂಬರ್ 16, 2025, ಭಾನುವಾರ

ತಮ್ಮನದು ಬೆಳಗ್ಗೆಯಿಂದ ಒಂದೇ ರಾಗ. "ಅಕ್ಕಾ, ಡೀಪ್ ಸ್ಪೇಸ್ ನೈನ್ ಅನ್ನೋದು ಬ್ಯಾಬಿಲಾನ್ 5ರ ಕಾಪಿ, ಸುಮ್ನೆ ಒಪ್ಕೊಂಡ್‌ಬಿಡು." ಅವನು ಬ್ಯಾಬಿಲಾನ್ ಈಗಷ್ಟೇ ಮುಗಿಸಿದ್ದಾನೆ, ಹೊಸ ಭಕ್ತ. ಎರಡೂ ತೊಂಬತ್ತರ ದಶಕದ ಅಮೆರಿಕನ್ ಟಿವಿ ಸೀರಿಯಲ್‌ಗಳು. ಡೀಪ್ ಸ್ಪೇಸ್ ನೈನ್ ಸ್ಟಾರ್ ಟ್ರೆಕ್ ಸರಣಿಯದು, ನಾನು ಆ ಕಡೆಯವಳು. ನಾವು ಹುಟ್ಟುಹಾಕಿದ ಜಗಳವೇನಲ್ಲ ಇದು, ಎರಡೂ ಸೀರಿಯಲ್‌ಗಳ ಅಭಿಮಾನಿಗಳು ಮೂವತ್ತು ವರ್ಷದಿಂದ ಇದನ್ನೇ ಆಡುತ್ತಾ ಬಂದಿದ್ದಾರೆ.

ಅವನ ಕಡೆಯ ವಾದ ಹಗುರವಾದದ್ದೇನಲ್ಲ. ಬ್ಯಾಬಿಲಾನ್ 5 ಬರೆದ ಜೆ. ಮೈಕಲ್ ಸ್ಟ್ರಜಿನ್‌ಸ್ಕಿ 1989ರಲ್ಲೇ ತನ್ನ ಕಥೆಯನ್ನು ಪ್ಯಾರಾಮೌಂಟ್ ಸ್ಟುಡಿಯೋಗೆ ತೋರಿಸಿದ್ದರು. ಪ್ಯಾರಾಮೌಂಟ್‌ನವರು ಬೇಡ ಅಂದರು. ಆಮೇಲೆ ವಾರ್ನರ್ ಸ್ಟುಡಿಯೋದವರು ಅದನ್ನು ತೆಗೆದುಕೊಂಡರು. 1993ರ ಜನವರಿಯಲ್ಲಿ ಅದೇ ಪ್ಯಾರಾಮೌಂಟ್‌ನಿಂದ ಡೀಪ್ ಸ್ಪೇಸ್ ನೈನ್ ಬಂತು, ಫೆಬ್ರವರಿಯಲ್ಲಿ ಬ್ಯಾಬಿಲಾನ್‌ನ ಪೈಲಟ್, ಅಂದರೆ ಪ್ರಯೋಗದ ಮೊದಲ ಕಂತು, ಬಂತು. ಎರಡರಲ್ಲೂ ಒಂದು ಅಂತರಿಕ್ಷ ನಿಲ್ದಾಣ, ಪಕ್ಕದಲ್ಲೇ ದೂರದ ನಕ್ಷತ್ರಗಳಿಗೆ ಹೋಗುವ ಬಾಗಿಲು. ಹಿಂದಿನ ಯುದ್ಧದ ಗಾಯ ಇನ್ನೂ ಆರದ ಕಮಾಂಡರ್, ಅವನ ಕೈಕೆಳಗೆ ಸಿಡುಕು ಮೂತಿಯ ಹೆಣ್ಣು ಅಧಿಕಾರಿ. ಬ್ಯಾಬಿಲಾನ್‌ನಲ್ಲಿ ಡುಖಾಟ್ ಅನ್ನೋ ಹೆಸರು, ಡೀಪ್ ಸ್ಪೇಸ್ ನೈನ್‌ನಲ್ಲಿ ಡುಕಾಟ್! ಇದನ್ನು ಹೇಳುವಾಗ ತಮ್ಮ ಟೇಬಲ್ ಗುದ್ದುತ್ತಾನೆ. ಸ್ಟ್ರಜಿನ್‌ಸ್ಕಿ ಮಾತ್ರ ಅಷ್ಟು ಗುದ್ದಲಿಲ್ಲ. ಡೀಪ್ ಸ್ಪೇಸ್ ನೈನ್ ಕಟ್ಟಿದ ರಿಕ್ ಬರ್ಮನ್ ಮತ್ತು ಮೈಕಲ್ ಪಿಲ್ಲರ್ ಬೇಕಂತಲೇ ಕದ್ದರು ಅಂತ ಅವರು ಹೇಳಲಿಲ್ಲ, ಸ್ಟುಡಿಯೋದ ಮೇಲಿನವರು ಇವರನ್ನು ಆ ದಿಕ್ಕಿಗೆ ತಳ್ಳಿರಬಹುದು ಅನ್ನುವ ಅನುಮಾನ ಮಾತ್ರ ಅವರದು.

ಇರಲಿ. ಕದ್ದರೋ ಇಲ್ಲವೋ, ನನಗೆ ಅದು ಅಷ್ಟು ಮುಖ್ಯ ಅಲ್ಲ. ಹಳೇ ಸ್ಟಾರ್ ಟ್ರೆಕ್‌ನಲ್ಲಿ ಹಡಗು ಒಂದು ಗ್ರಹಕ್ಕೆ ಹೋಗುತ್ತೆ, ಅಲ್ಲಿಯವರಿಗೆ ಬುದ್ಧಿ ಹೇಳುತ್ತೆ, ಮುಂದಿನ ವಾರ ಇನ್ನೊಂದು ಗ್ರಹ. ಹಿಂದೆ ಬಿಟ್ಟು ಬಂದವರ ಗತಿ ಏನಾಯ್ತು ಅಂತ ಯಾರೂ ಕೇಳಲ್ಲ. ನಿಲ್ದಾಣ ಹಾಗೆ ಎದ್ದು ಹೋಗೋಕಾಗಲ್ಲ. ಇವತ್ತು ಹೊಡೆದವನೂ ಹೊಡೆಸಿಕೊಂಡವನೂ ನಾಳೆ ಅದೇ ಕಾರಿಡಾರಿನಲ್ಲಿ ಎದುರಾಗುತ್ತಾರೆ. ಎರಡು ಸೀರಿಯಲ್‌ಗಳಿಗೂ ಇರುವ ನಿಜವಾದ ನಂಟು ಇದೇ ಅಂತ ನನಗನ್ನಿಸುತ್ತೆ, ಡುಖಾಟ್ ಡುಕಾಟ್ ಎಲ್ಲ ಆಮೇಲಿನ ಮಾತು.

ಬ್ಯಾಬಿಲಾನ್‌ನ ಜಿಕಾರ್ ಮತ್ತು ಡೀಪ್ ಸ್ಪೇಸ್ ನೈನ್‌ನ ಕೀರಾ ಇಬ್ಬರನ್ನೇ ನೋಡಿ. ಇಬ್ಬರೂ ಪರರ ಆಳ್ವಿಕೆಯಲ್ಲಿ ಹುಟ್ಟಿ, ಬಂದೂಕು ಹಿಡಿದು ಹೋರಾಡಿದವರು, ಇಬ್ಬರಿಗೂ ತಮ್ಮ ಧರ್ಮದ ಮೇಲೆ ಅಪಾರ ನಂಬಿಕೆ. ಬ್ಯಾಬಿಲಾನ್‌ನ ಮೂರನೇ ಸೀಸನ್‌ನಲ್ಲಿ, ಜಿಕಾರ್‌ನ ನಾರ್ನ್ ಗ್ರಹವನ್ನು ಹಿಂದೆ ಆಳಿದ್ದ ಸೆಂಟಾರಿಗಳು ಮತ್ತೆ ವಶಪಡಿಸಿಕೊಂಡ ಮೇಲೆ, ಬಾಂಬ್ ಸಿಡಿದು ಅವನೂ ಸೆಂಟಾರಿ ರಾಯಭಾರಿ ಲಂಡೋನೂ ಒಂದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇಬ್ಬರೂ ಕೈಜೋಡಿಸಿದರೆ ಬದುಕಬಹುದು, ಬಾ, ಅಂತ ಲಂಡೋ ಅಂಗಲಾಚುತ್ತಾನೆ. ಜಿಕಾರ್ ನೆಲದಲ್ಲಿ ಕೂತು ನಗುತ್ತಾನೆ. ನಾನೇ ನಿನ್ನನ್ನು ಕೊಂದರೆ ನಿಮ್ಮ ಕಾನೂನಿನ ಪ್ರಕಾರ ನನ್ನವರು 500 ಜನ ಸಾಯಬೇಕಾಗುತ್ತೆ, ಆದರೆ ನಾನು ಇಲ್ಲಿ ಸುಮ್ನೆ ಕೂತು ನೀನು ಸಾಯೋದನ್ನು ನೋಡಿದರೆ ಯಾರೂ ಏನೂ ಮಾಡೋಕಾಗಲ್ಲ, ನಾನೂ ಜೊತೆಗೆ ಸತ್ತರೂ ಪರವಾಗಿಲ್ಲ, ಅನ್ನೋದು ಅವನ ಲೆಕ್ಕ. ಜಿಕಾರ್ ಪಾತ್ರ ಮಾಡಿದ ಆಂಡ್ರಿಯಾಸ್ ಕಟ್ಸುಲಸ್ ಮುಖದ ತುಂಬ ರಬ್ಬರ್ ಮೇಕಪ್ ಹೊತ್ತುಕೊಂಡು ಆ ನಗು ನಗುತ್ತಾರಲ್ಲ, ಅದಕ್ಕೆ ಎಷ್ಟು ಕೊಟ್ಟರೂ ಕಡಿಮೆ. ಇದೇ ಜಿಕಾರ್ ಐದನೇ ಸೀಸನ್‌ನಲ್ಲಿ ಅದೇ ಲಂಡೋನ ಅಂಗರಕ್ಷಕನಾಗಿ ಹೋಗುತ್ತಾನೆ.

ಕೀರಾ ಕೂಡ ಅಲ್ಲಿಗೇ ಬರುತ್ತಾಳೆ. ಅವಳ ಬಜೋರ್ ಗ್ರಹವನ್ನು ಸುಮಾರು 50 ವರ್ಷ ಹಿಂಡಿದವರು ಕಾರ್ಡೇಸಿಯನ್ನರು. 1999ರ ಕೊನೆಯ ಕಂತುಗಳಲ್ಲಿ ಆ ಕಾರ್ಡೇಸಿಯನ್ನರಿಗೇ ಗೆರಿಲ್ಲಾ ಯುದ್ಧ ಹೇಳಿಕೊಡೋಕೆ ಅವಳನ್ನು ಕಳಿಸುತ್ತಾರೆ. ಅವರ ನಾಯಕ ಡಮಾರ್‌ನ ಹೆಂಡತಿ ಮಗನನ್ನು ಶತ್ರುಗಳು ಕೊಲ್ಲುತ್ತಾರೆ. ಹೆಂಗಸರು ಮಕ್ಕಳನ್ನು ಕೊಲ್ಲಿ ಅಂತ ಆರ್ಡರ್ ಕೊಡೋರು ಎಂಥಾ ಜನ ಇರಬೇಕು ಅಂತ ಅವನು ಒದ್ದಾಡುತ್ತಿದ್ದರೆ ಕೀರಾ ಅದೇ ಪ್ರಶ್ನೆಯನ್ನು ಅವನಿಗೇ ವಾಪಸ್ ಕೇಳುತ್ತಾಳೆ. ಹೌದು ಡಮಾರ್, ಎಂಥಾ ಜನ? ಅಷ್ಟೇ. ಅವನು ಎದ್ದು ಹೋಗುತ್ತಾನೆ. ಯಾಕೆ ಅಂದೆನೋ ಅಂತ ಅವಳಿಗೇ ಕಸಿವಿಸಿ. ಈ ದೃಶ್ಯ ತೋರಿಸಿದ ಮೇಲೆ ತಮ್ಮ ಸ್ವಲ್ಪ ಹೊತ್ತು ಕಾಪಿ ಅನ್ನಲಿಲ್ಲ.

ಈ ಜಗಳಕ್ಕೆ ನೀರು ಹಾಕೋಕೆ ಒಬ್ಬರು ಬಂದಿದ್ದರು, ಅದು ನನಗೆ ಬಹಳ ಇಷ್ಟವಾದ ಸಂಗತಿ. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ತೀರಿಕೊಂಡಿದ್ದು 1991ರಲ್ಲಿ. ಅವರ ಹೆಂಡತಿ ಮೇಜಲ್ ಬ್ಯಾರೆಟ್ ಸ್ಟಾರ್ ಟ್ರೆಕ್‌ನ ಕಂಪ್ಯೂಟರ್ ದನಿ, ಡೀಪ್ ಸ್ಪೇಸ್ ನೈನ್‌ನಲ್ಲೂ ಪಾತ್ರ ಮಾಡಿದವರು. ಅವರು 1996ರಲ್ಲಿ ಬ್ಯಾಬಿಲಾನ್ 5ಕ್ಕೆ ಬಂದು ಒಂದು ಕಂತಿನಲ್ಲಿ ನಟಿಸಿದರು. ಪಾತ್ರ ಯಾವುದು ಗೊತ್ತಾ? ತೀರಿಕೊಂಡ ಚಕ್ರವರ್ತಿಯ ಹೆಂಡತಿ! ಆದರೂ ಅಭಿಮಾನಿಗಳು ಸುಮ್ಮನಾಗಲಿಲ್ಲ, ನಮ್ಮ ಮನೆಯಲ್ಲೇ ಸಾಕ್ಷಿ ಇದೆಯಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ಹೊಸ ಅಸ್ತ್ರ ತೆಗೆದ. ಬ್ಯಾಬಿಲಾನ್ ಐದು ವರ್ಷದ ಕಥೆ ಮೊದಲೇ ಪ್ಲಾನ್ ಆಗಿತ್ತು, 110 ಕಂತುಗಳಲ್ಲಿ 92ನ್ನು ಸ್ಟ್ರಜಿನ್‌ಸ್ಕಿ ಒಬ್ಬರೇ ಬರೆದರು, ನಿಮ್ಮದು ಹತ್ತಾರು ಜನ ಸೇರಿ ಮಾಡಿದ ಚಿತ್ರಾನ್ನ, ಅಂತ. ನಿಜವೇ. ಆದರೆ ಪ್ಲಾನಿನ ಗತಿ ಏನಾಯ್ತು? ನಾಯಕ ನಟ ಮೈಕಲ್ ಓಹೇರ್ ಅನಾರೋಗ್ಯದಿಂದ ಮೊದಲ ಸೀಸನ್‌ಗೇ ಬಿಟ್ಟರು. ನಾಲ್ಕನೇ ಸೀಸನ್ ಹೊತ್ತಿಗೆ ಸೀರಿಯಲ್ ನಿಂತೇ ಹೋಗುತ್ತೆ ಅನ್ನೋ ಭಯದಲ್ಲಿ ಯುದ್ಧಗಳನ್ನೆಲ್ಲ ಗಡಿಬಿಡಿಯಲ್ಲಿ ಮುಗಿಸಿದರು, ಕೊನೆಯ ಕಂತನ್ನೂ ಶೂಟ್ ಮಾಡಿಬಿಟ್ಟರು. ಅಷ್ಟರಲ್ಲಿ ಇನ್ನೊಂದು ಚಾನೆಲ್ ಐದನೇ ಸೀಸನ್‌ಗೆ ದುಡ್ಡು ಕೊಟ್ಟಿತು, ಹೇಳೋಕೆ ಕಥೆ ಜಾಸ್ತಿ ಉಳಿದಿರಲಿಲ್ಲ. ಪ್ಲಾನೇ ಇಲ್ಲದ ನಮ್ಮ ಚಿತ್ರಾನ್ನ ಏಳು ಸೀಸನ್ ನಡೆದು, ಯುದ್ಧವನ್ನು ನಿಧಾನವಾಗಿ ಬೆಳೆಸಿ, ಕೊನೆಯ ಕಂತುಗಳನ್ನು ಒಂದೇ ಎಳೆಯಾಗಿ ಹೆಣೆದು ಮುಗಿಸಿತು. ಬ್ಯಾಬಿಲಾನ್‌ನ ಐದನೇ ಸೀಸನ್‌ನ ಮೊದಲರ್ಧ ಬೋರು ಅಂತ ಅವನೂ ಒಪ್ಪಿದ. "ಆದ್ರೂ ಕಾಪಿನೇ," ಅಂತ ತಟ್ಟೆ ಎತ್ತಿಕೊಂಡು ಎದ್ದ.