ಮನಸ್ಸಿನಲ್ಲಿ ಪ್ರೀತಿ ಇಲ್ಲದಿದ್ದರೂ ಪ್ರೀತಿಯ ಆಜ್ಞೆ ಪಾಲಿಸಬೇಕೇ?

“ಪ್ರೀತಿಸಿರಿ ಎಂದು ಯೇಸು ಹೇಳಿದ್ದಾನೆ, ಸರಿ. ಆದರೆ ಆ ಮನುಷ್ಯನನ್ನು ಕಂಡರೆ ನನಗೆ ಆಗುವುದೇ ಇಲ್ಲ. ಒಳಗೆ ಪ್ರೀತಿ ಇಲ್ಲದೆ ಹೊರಗೆ ಒಳ್ಳೆಯದು ಮಾಡಿದರೆ ಅದು ಕಪಟವಲ್ಲವೇ?” ವಿಶ್ವಾಸಿಗಳು ಪದೇಪದೇ ಕೇಳುವ ಪ್ರಶ್ನೆ ಇದು.

ಕಪಟವಲ್ಲ. ಯೇಸು ಕಪಟವೆಂದದ್ದು ಜನ ಹೊಗಳಲಿ ಎಂದು ಮಾಡುವ ದಾನವನ್ನು (ಮತ್ತಾಯ 6:2). ಮನಸ್ಸು ಒಪ್ಪದಿದ್ದರೂ ದೇವರ ಮಾತಿಗಾಗಿ ಮಾಡುವುದು ಬೇರೆಯೇ. ವಿಮೋಚನಕಾಂಡ 23:5 ನೋಡಿ: ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಬಿಟ್ಟುಹೋಗಬೇಡ, ಎಬ್ಬಿಸಲು ನೆರವಾಗು. ಮೊದಲು ಸಿಟ್ಟು ಇಳಿಸಿಕೊಂಡು ಬಾ ಎಂಬ ಷರತ್ತು ಅಲ್ಲಿಲ್ಲ. 1 ಕೊರಿಂಥ 13ರಲ್ಲಿ ಪೌಲನು ಪ್ರೀತಿಯನ್ನು ವರ್ಣಿಸುವಾಗಲೂ ಮೂಲ ಗ್ರೀಕಿನಲ್ಲಿ ಬಳಸಿದ್ದು ಕ್ರಿಯಾಪದಗಳನ್ನೇ. ತಾಳಿಕೊಳ್ಳುವುದು, ದಯೆ ತೋರಿಸುವುದು, ಹೊಟ್ಟೆಕಿಚ್ಚುಪಡದಿರುವುದು.

ಹಾಗಾದರೆ ಎಲ್ಲಿಂದ ಶುರುಮಾಡುವುದು? ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂಬಲ್ಲಿಂದ ಖಂಡಿತ ಬೇಡ. ಅದು ಯಾರ ಮನೆಬಾಗಿಲಿಗೂ ಹೋಗಿ ಮುಟ್ಟುವುದಿಲ್ಲ. ಒಬ್ಬರ ಹೆಸರು ಹಿಡಿಯಿರಿ. ಮತ್ತಾಯ 5:23-24ರ ಪ್ರಕಾರ, ಕಾಣಿಕೆ ತಂದಾಗ ಸಹೋದರನಿಗೆ ನಿಮ್ಮ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನೊಂದಿಗೆ ಒಂದಾಗಬೇಕು. ಗಮನಿಸಿ, ನಿಮಗೆ ಯಾರ ಮೇಲೆ ಸಿಟ್ಟಿದೆ ಎನ್ನುವುದು ಅಲ್ಲಿನ ವಿಷಯವಲ್ಲ, ಯಾರಿಗೆ ನಿಮ್ಮಿಂದ ನೋವಾಗಿದೆ ಎನ್ನುವುದು.

ಹೋದಾಗ ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ: “ನಿಮ್ಮ ಬೆನ್ನ ಹಿಂದೆ ಇಂಥ ಮಾತಾಡಿದೆ.” ‘ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ’ ಎನ್ನುವುದು ಕ್ಷಮೆ ಕೇಳಿದಂತಲ್ಲ. ‘ಆದರೆ ನೀವೂ’ ಎಂದು ಸೇರಿಸಿದ ಕ್ಷಣಕ್ಕೆ ಎಲ್ಲ ಕೆಡುತ್ತದೆ, ಏಕೆಂದರೆ ಅಲ್ಲಿಂದ ಮುಂದೆ ಅದು ವಾದ. ನಷ್ಟ ಮಾಡಿದ್ದರೆ ಬಾಯಿಮಾತು ಸಾಲದು. ಬೈಬಲಿನ ಅರಣ್ಯಕಾಂಡ 5:7 ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಹಿಂದಿರುಗಿಸಿ, ಐದನೆಯ ಒಂದು ಪಾಲನ್ನು ಮೇಲೆ ಕೊಡಲು ಹೇಳುತ್ತದೆ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವ ಜಕ್ಕಾಯನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಎದುರಿನವರು ಅಂದೇ ಕ್ಷಮಿಸಬೇಕೆಂದು ಕಾಯಬೇಡಿ. ಕ್ಷಮೆಯನ್ನು ವಸೂಲಿ ಮಾಡಲಾಗದು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕ್ಷಮಿಸುವುದೆಂದರೆ ಹೊಡೆಯುವವರ ಕೈಕೆಳಗೆ ಉಳಿಯುವುದಲ್ಲ. ಅಪಾಯದಲ್ಲಿರುವವರನ್ನು ‘ವಿಧೇಯರಾಗಿರಿ’ ಎಂದು ಅಲ್ಲಿಗೇ ವಾಪಸ್ ಕಳಿಸುವುದು ವಾಕ್ಯದ ದುರುಪಯೋಗ. ಮತ್ತಾಯ 18:15-17 ತಪ್ಪುಮಾಡಿದವನ ಮುಂದೆ ಸಾಕ್ಷಿಗಳನ್ನೂ ಕೊನೆಗೆ ಇಡೀ ಸಭೆಯನ್ನೂ ನಿಲ್ಲಿಸುತ್ತದೆ.

ಇನ್ನು ಕೆಲವರು ಉತ್ಸಾಹದಿಂದ ಎಲ್ಲರ ಭಾರವನ್ನೂ ಹೊತ್ತು, ಕೆಲವೇ ತಿಂಗಳಲ್ಲಿ ಬಳಲಿ, ಕೊನೆಗೆ ಪ್ರಾರ್ಥನೆಯನ್ನೂ ಬಿಡುತ್ತಾರೆ. ಅವರು ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯನ್ನು ಇನ್ನೊಮ್ಮೆ ಓದಬೇಕು (ಲೂಕ 10). ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಕೂಲಿಯವನ ಎರಡು ದಿನದ ಸಂಬಳ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದ. ಆಮೇಲೆ ತನ್ನ ಪ್ರಯಾಣ ಮುಂದುವರಿಸಿದ. ಕೈಲಾದದ್ದನ್ನು ಪೂರ್ತಿ ಮಾಡಿ, ಉಳಿದದ್ದನ್ನು ನಂಬಿಗಸ್ತ ಕೈಗೆ ಒಪ್ಪಿಸುವುದೂ ಪ್ರೀತಿಯೇ.

ಇದೆಲ್ಲ ರಕ್ಷಣೆಗೆ ಕಟ್ಟುವ ಬೆಲೆಯೇ? ಅಲ್ಲ. ಎಫೆಸ 2:8-10ರಲ್ಲಿ ಮೊದಲು ಕೃಪೆ, ಆಮೇಲೆ ಸತ್ಕ್ರಿಯೆ. ಈ ಕ್ರಮ ತಲೆಕೆಳಗಾದರೆ ವಿಧೇಯತೆ ಲೆಕ್ಕದ ಪುಸ್ತಕವಾಗುತ್ತದೆ, ಬೇರೆಯವರ ಲೆಕ್ಕವನ್ನೂ ನಾವೇ ಬರೆಯತೊಡಗುತ್ತೇವೆ. “ನೀವು ನನ್ನನ್ನು ಪ್ರೀತಿಸುವವರಾದರೆ ನನ್ನ ಆಜ್ಞೆಗಳನ್ನು ಕೈಕೊಂಡು ನಡೆಯುವಿರಿ” ಎಂಬ ಯೋಹಾನ 14:15ನ್ನು ಬಾಯಿಪಾಠ ಹೇಳುವವರು ಅಲ್ಲಿಗೇ ನಿಲ್ಲಿಸುವುದುಂಟು. ಮುಂದಿನ ವಚನದಲ್ಲೇ ಯೇಸು, ಸದಾಕಾಲ ಜೊತೆಗಿರುವ ಸಹಾಯಕನನ್ನು, ಅಂದರೆ ಪವಿತ್ರಾತ್ಮನನ್ನು, ತಂದೆಯು ಕೊಡುವನೆಂದು ಹೇಳುತ್ತಾನೆ. ಆ ಮನುಷ್ಯನ ಮನೆಗೆ ಹೊರಡುವ ಮುಂಚೆ ಎರಡನ್ನೂ ಒಟ್ಟಿಗೆ ಓದಿಕೊಳ್ಳಿ.