ಹಳೇ ಝೆನ್ ರೇಡಿಯೇಟರ್, ಕೋಲಾರದ ಬೋರ್ ನೀರು

ಹಳೇ ಕಾರಿನ ರೇಡಿಯೇಟರ್ ಫ್ಲಶ್ ಮಾಡಿಸೋದಾ, ಅಂದರೆ ಇಂಜಿನ್ ತಂಪು ಮಾಡುವ ನೀರಿನ ದಾರಿಯನ್ನು ತೊಳೆಸೋದಾ, ಬೇಡವಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು ಒಂದೇ: ಇಷ್ಟು ವರ್ಷ ಅದಕ್ಕೆ ಯಾವ ನೀರು ಹಾಕಿದ್ದೀರಿ? ನಮ್ಮ ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಆಳದ ಬೋರ್‌ವೆಲ್‌ನ ಗಡಸು ನೀರೇ ಗತಿ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಸುಣ್ಣದ ಪೊರೆ ಇಂಜಿನ್ನಿನ ಒಳದಾರಿಗಳಲ್ಲೂ ಕಟ್ಟುತ್ತೆ. ಅದು ಕಟ್ಟಿದ ಕಡೆ ಇಂಜಿನ್ನಿನ ಶಾಖ ನೀರಿಗೆ ಸರಿಯಾಗಿ ದಾಟಲ್ಲ.

ಅಪ್ಪನ ಮಾರುತಿ ಝೆನ್ ಈಗ ನಾನು ಓಡಿಸ್ತೀನಿ. 993 ಸಿಸಿ ಇಂಜಿನ್. ಅದರ ಕೆಳಭಾಗವಾದ ಬ್ಲಾಕು, ಮೇಲೆ ಮುಚ್ಚುವ ಹೆಡ್ಡು ಎರಡೂ ಅಲ್ಯೂಮಿನಿಯಂ. ಒಮ್ಮೆ ಜೋರಾಗಿ ಕಾದರೆ ಹೆಡ್ ಬೆಂಡಾಗುತ್ತೆ, ಅವೆರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತೆ. ಬೇಸಿಗೆಯಲ್ಲಿ ತಿರುಪತಿಯಿಂದ ವಾಪಸ್ ಬರುವಾಗ, ಪಲಮನೇರಿಗೆ ಮುಂಚೆ ಸಿಗುವ ಮೊಗಿಲಿ ಘಾಟ್ ಏರುತ್ತಿದ್ದಂತೆ ಟೆಂಪರೇಚರ್ ಮುಳ್ಳು ಅರ್ಧ ದಾಟಿತ್ತು.

ಒಂದು ಗ್ಯಾರೇಜಿನಲ್ಲಿ, ಕೆಮಿಕಲ್ ಹಾಕಿ ಪ್ರೆಷರ್‌ನಲ್ಲಿ ಹೊಡೆದುಬಿಡೋಣ ಅಂದರು. ನಮ್ಮ ಹಳೇ ಮೆಕ್ಯಾನಿಕ್ ಒಪ್ಪಲೇ ಇಲ್ಲ. "ಅಕ್ಕಾ, ಸಣ್ಣ ತೂತುಗಳನ್ನ ಈ ತುಕ್ಕೇ ಮುಚ್ಕೊಂಡಿರುತ್ತೆ. ಎಬ್ಬಿಸಿದ್ರೆ ನಾಳೆಯಿಂದ ಸೋರೋಕೆ ಶುರು" ಅಂದರು. ಅವರು ಹೇಳಿದ್ದು ನಿಜ. ಆಸಿಡ್ ಇರುವ ಕ್ಲೀನರ್ ಸುಣ್ಣವನ್ನು ಕರಗಿಸುತ್ತೆ, ಹೆಚ್ಚು ಹೊತ್ತು ಬಿಟ್ಟರೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತೆ. ಕಿತ್ತುಬಂದ ಚಕ್ಕೆಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೋ ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ನಲ್ಲೋ ಸಿಕ್ಕಿಕೊಂಡರೆ ಮೊದಲಿಗಿಂತ ಕಷ್ಟ. ಪ್ರೆಷರ್ ಹೊಡೆತಕ್ಕೆ ಹಳೇ ಜಾಯಿಂಟ್ ಬಿಟ್ಟುಕೊಳ್ಳೋದೂ ಉಂಟು.

ಹಾಗಂತ ಮುಟ್ಟದೇ ಬಿಡುವುದು ನನಗೆ ಸರಿ ಕಾಣಲಿಲ್ಲ. ನೀರಿನ ಜೊತೆ ಬೆರೆಸುವ ದ್ರವ ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ಅಂಶ ಕಾಲಕ್ಕೆ ತೀರಿಹೋಗುತ್ತೆ, ಆಮೇಲೆ ಒಳಗಿಂದಲೇ ಲೋಹ ಸವೆಯುತ್ತೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಶುರುಮಾಡಿದೆವು. ಬಿಸಿಯಿದ್ದಾಗ ಕ್ಯಾಪ್ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತೆ. ಡ್ರೈನ್ ಪ್ಲಗ್ ಮುರಿಯುವ ಭಯಕ್ಕೆ ಕೆಳಗಿನ ಹೋಸ್ ಪೈಪನ್ನೇ ಬಿಚ್ಚಿದರು. ಬಂದದ್ದು ಕೆಂಪು ಮಣ್ಣಿನ ಬಣ್ಣದ ನೀರು. ಎಣ್ಣೆಯಾಗಲಿ ಹಾಲಿನಂಥ ನೊರೆಯಾಗಲಿ ಇರಲಿಲ್ಲ. ಇದ್ದಿದ್ದರೆ ಗ್ಯಾಸ್ಕೆಟ್ ವಿಚಾರಿಸಬೇಕಿತ್ತು, ಫ್ಲಶ್ ಅಲ್ಲ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆಗೆದು, ಪೈಪಿನಲ್ಲಿ ನಿಧಾನವಾಗಿ ಹಿಮ್ಮುಖವಾಗಿ ನೀರು ಬಿಟ್ಟು, ತಿಳಿಯಾಗುವವರೆಗೂ ಕಾದೆವು. ಕೊನೆಯ ಸಲ ಜಾಲಿಸಿದ್ದು ಡಿಸ್ಟಿಲ್ಡ್ ವಾಟರಲ್ಲಿ. ಹೊಸ ಥರ್ಮೋಸ್ಟಾಟ್, ಹೋಸ್, ಕ್ಯಾಪ್ ಹಾಕಿಸಿದೆ. ಈ ಮೂರರಲ್ಲಿ ಜಿಪುಣತನ ಬೇಡ.

ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕೂಲೆಂಟ್ ನೀರು ಹೆಪ್ಪುಗಟ್ಟದಂತೆಯೂ ತಡೆಯುತ್ತೆ, ನಮ್ಮೂರಲ್ಲಿ ಅದು ಬೇಕಿಲ್ಲ, ನಿಜ. ಆದರೆ ಈ ಮಿಶ್ರಣ ಸುಮಾರು 107 ಡಿಗ್ರಿಯವರೆಗೂ ಕುದಿಯಲ್ಲ, ಕ್ಯಾಪಿನ ಒತ್ತಡದಲ್ಲಿ ಇನ್ನೂ ಮೇಲೆ. ಹಳೇ ಕೂಲೆಂಟನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತೆ. ನಾನು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿಮಾಡಿ ಗ್ಯಾರೇಜಿನವರಿಗೇ ಕೊಟ್ಟೆ.

ಫ್ಲಶ್ ಆದ ಮೇಲೆ ಕೆಲವು ದಿನ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಕೂಲೆಂಟಿನ ಮಟ್ಟ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದಂತೆ ಸ್ವಲ್ಪ ಇಳಿಯೋದು ಸಹಜ. ಇಳಿಯುತ್ತಲೇ ಇದ್ದರೆ ಹೋಸ್ ಕ್ಲಿಪ್ಪು, ವಾಟರ್ ಪಂಪಿನ ಕೆಳಗೆ ಒದ್ದೆ ಇದೆಯಾ ಅಂತ ನೋಡಿಸಿ.