ಅಸಯೀ ಡಯೋರಾಮ: ಕೇಳಣಾ ನದಿ ಕೊನೆಗೂ ಗಟ್ಟಿಯಾಯ್ತು

ಅಸಯೀ ಯುದ್ಧದ ಡಯೋರಾಮ, ಅಂದ್ರೆ ಗೊಂಬೆಗಳಿಟ್ಟು ಕಟ್ಟೋ ಪುಟ್ಟ ದೃಶ್ಯ, ಮಾಡ್ತಿದೀನಿ, ಅದರ ನದಿಗೆ ಸುರಿಯೋದು ರೆಸಿನ್, ಸುರಿದ ಮೇಲೆ ಗಟ್ಟಿಯಾಗೋ ಅಂಟು ದ್ರವ. ಮೂರು ಸಲ ಹಾಳಾಗಿ ನಾಲ್ಕನೇ ಸಲ ನಿನ್ನೆ ರಾತ್ರಿ ನದಿ ನಿಂತಿದೆ, ಬೆಳಗ್ಗೆ ಎದ್ದವನೇ ಹಲ್ಲುಜ್ಜೋಕೂ ಮುಂಚೆ ಹೋಗಿ ಬೆರಳಿಟ್ಟು ನೋಡ್ದೆ, ಅಂಟಲಿಲ್ಲ, ಗುರುತೂ ಬೀಳ್ಲಿಲ್ಲ. ಆ ಖುಷೀಲೇ ಬರೀತಿದೀನಿ. ಬೇಸ್, ಥರ್ಮಾಕೋಲ್ ಕೊಯ್ದಿದ್ದು, ಪುಟ್ಟಿ ಹಚ್ಚಿದ್ದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡೋಣ.

ನದಿಗೆ ಯಾಕಿಷ್ಟು ಒದ್ದಾಟ ಅಂದ್ರೆ, 1803ರ ಸೆಪ್ಟೆಂಬರ್ 23ರಂದು ಮರಾಠರಿಗೂ ಬ್ರಿಟಿಷರಿಗೂ ನಡೆದ ಆ ಯುದ್ಧ ತಿರುಗಿದ್ದೇ ನೀರು ದಾಟಿದ ಜಾಗದಲ್ಲಿ. ಮರಾಠಾ ದೊರೆಗಳಾದ ಸಿಂಧಿಯಾ ಮತ್ತೆ ಭೋಂಸಲೆ ಸೈನ್ಯ ಕೇಳಣಾ ನದಿ ಆಚೆ ದಡದಲ್ಲಿ ಬೀಡುಬಿಟ್ಟಿದೆ, ಕವಾಯತು ಕಲಿತ ಕಾಲಾಳೇ ಹತ್ತು ಸಾವಿರಕ್ಕೆ ಮೇಲೆ, ತೋಪುಗಳು ನೂರರ ಹತ್ತಿರ, ಕುದುರೆ ದಂಡು ಬೇರೆ. ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಹತ್ರ ಕಾದಾಡೋಕೆ ನಾಲ್ಕೂವರೆ ಸಾವಿರದಷ್ಟು ಜನ. ದಾರಿ ತೋರಿಸೋರು ಇಲ್ಲೆಲ್ಲೂ ಹೊಳೆ ದಾಟೋಕಾಗಲ್ಲ ಅಂದ್ಬಿಟ್ರು. ಅವನು ನೋಡಿದ್ದು ಎರಡು ಹಳ್ಳಿ, ಪಿಪಳಗಾಂವ್ ಈ ದಡದಲ್ಲಿ, ವರೂಡ್ ಆ ದಡದಲ್ಲಿ, ಎದುರುಬದುರು. ಇಷ್ಟು ಹತ್ರ ಎರಡು ಊರಿದ್ಮೇಲೆ ಜನ ಓಡಾಡೋ ಹಾಯ್ಗಡ ಇದ್ದೇ ಇರುತ್ತೆ ಅಂತ ಊಹೆ ಮಾಡ್ದ, ಇತ್ತು. ನಾನು ಮಾಡ್ತಿರೋದು ಆ ಹಾಯ್ಗಡ ಮಾತ್ರ, ಹಾಗಾಗಿ ನೀರು ಸುಳ್ಳು ಅನ್ನಿಸಿದ್ರೆ ಇಡೀ ಮಾಡೆಲ್ ಸುಳ್ಳು.

ಒಂದಕ್ಕೆ ಎಪ್ಪತ್ತೆರಡರ ಅಳತೇಲಿ ಸೈನಿಕ 24 ಮಿಮೀ ಎತ್ತರ ಬರ್ತಾನೆ, ಮಂಡಿ ಮಟ್ಟದ ನೀರು ಅಂತ ಇಟ್ಕೊಂಡು 7 ಮಿಮೀ ರೆಸಿನ್ ಲೆಕ್ಕ ಹಾಕ್ದೆ. ಮಳೆಗಾಲದ ಕೊನೆ, ತಿಳಿನೀರು ಇರೋಕೆ ಸಾಧ್ಯನೇ ಇಲ್ಲ, ಕೆಸರು ಬಣ್ಣ ಬೇಕೇ ಬೇಕು. ಮೊದಲನೇ ಸಲ ಅಕ್ರಿಲಿಕ್ ಬಣ್ಣ ನಾಲ್ಕು ಹನಿ ಹಾಕ್ದೆ, ಅದರಲ್ಲಿರೋ ನೀರಿಗೆ ಎಪಾಕ್ಸಿ (ಅದೇ ಆ ರೆಸಿನ್) ಸೆಟ್ಟೇ ಆಗ್ಲಿಲ್ಲ, ನಾಲ್ಕು ದಿನ ಆದ್ರೂ ಹಲಸಿನ ಮೇಣದ ಥರ. ಎರಡನೇ ಸಲ ತಪ್ಪಿದ್ದು ಅಳತೆ. ಬಾಟಲ್ ಮೇಲೆ ರೆಸಿನ್ ಎರಡಕ್ಕೆ ಗಟ್ಟಿ ಮಾಡೋ ದ್ರವ ಒಂದು ಅಂತಷ್ಟೇ ಇದೆ, ತೂಕಾನೋ ಗಾತ್ರಾನೋ ಬರ್ದೇ ಇಲ್ಲ, ಮಾರಿದವರಿಗೆ ಮೂರು ಸಲ ಮೆಸೇಜ್ ಹಾಕಿದ್ರೆ ಬಂದಿದ್ದು ಒಂದು ಕೈಮುಗಿಯೋ ಚಿತ್ರ! ಎರಡು ಸಾವಿರ ರೂಪಾಯಿ ತಗೊಂಡು ಒಂದು ಸಾಲು ಬರೆಯೋಕಾಗಲ್ವಾ ಇವರಿಗೆ? ತೂಕ ಹಾಕಿ ಬೆರೆಸಿ ಕೆಡಿಸಿಕೊಂಡ ಮೇಲೆ, ಚಿಕ್ಕ ಮುಚ್ಚಳಗಳಲ್ಲಿ ಎರಡೂ ಥರ ಮಾಡಿ ನೋಡಿ, ಅದು ಸಿರಿಂಜಲ್ಲಿ ಅಳೆಯೋ ಗಾತ್ರ ಅಂತ ನಾನೇ ಕಂಡುಕೊಂಡೆ.

ಮೂರನೇ ಸಲ ಗಟ್ಟಿಯೇನೋ ಆಯ್ತು, ಆದ್ರೆ ರೆಸಿನ್ ಕುದುರೆಗಳ ಕಾಲು ಹತ್ತಿಬಿಟ್ಟಿತ್ತು, ದಡದ ಹುಲ್ಲಿನ ಮೇಲೂ ಏರಿ ಪಳಪಳ ಹೊಳೀತಿತ್ತು. ಎಲ್ಲಾನೂ ಕೆರೆದು ತೆಗೆಯೋವಾಗ ಹೈಲ್ಯಾಂಡರ್ (ಸ್ಕಾಟ್ಲೆಂಡಿನ ಸೈನಿಕ) ಗೊಂಬೆ ಒಂದರ ಕಾಲೇ ಮುರೀತು.

ಕೊನೆಗೆ ಕೈ ಹಿಡಿದಿದ್ದು ಮಣ್ಣು. ಅಸಯೀ ಇರೋ ಜಾಲ್ನಾ ಕಡೆ ಎರೆಭೂಮಿ, ನಮ್ಮ ಅತ್ತೆಯವರ ಹೊಲ ಗದಗದ ಹತ್ರ, ಅಲ್ಲೂ ಎರೆನೇ. ಒಂದು ಹಿಡಿ ತರಿಸಿಕೊಂಡು ಹಳೇ ಬಾಣಲೇಲಿ ರವೆ ಹುರಿದ ಹಾಗೆ ಹುರಿದೆ, ಒಂಚೂರೂ ಪಸೆ ಉಳೀಬಾರದು ಅಂತ, ಆಮೇಲೆ ಪಂಚೆ ಬಟ್ಟೇಲಿ ಜರಡಿ ಹಿಡಿದೆ. ಚಿಟಿಕೆ ಪುಡಿ ರೆಸಿನ್‌ಗೆ ಹಾಕಿದ್ರೆ ತಕ್ಷಣ ತಳ ಸೇರುತ್ತೆ, ಅದಕ್ಕೆ ಕಾಯಬೇಕು. ಕಪ್ಪಲ್ಲೇ ಬಿಟ್ರೆ ಬಿಸಿಯಾಗಿ ಬೇಗ ಕಟ್ಟಿಕೊಳ್ಳುತ್ತೆ, ಅಗಲ ತಟ್ಟೇಲಿ ತೆಳ್ಳಗೆ ಹರಡಿ ಜೋನಿಬೆಲ್ಲದ ಹದ ಬಂದಾಗ ಸುರೀಬೇಕು. ಆ ಹದದಲ್ಲಿ ಮಣ್ಣು ತೇಲ್ತಾ ನಿಲ್ಲುತ್ತೆ, ಜೊತೆಗೆ ರೆಸಿನ್ ಕಾಲುಗಳನ್ನೂ ಅಷ್ಟಾಗಿ ಹತ್ತಲ್ಲ. ಎರಡು ತಲೆನೋವು ಒಟ್ಟಿಗೆ ಹೋಯ್ತು. ಗುಳ್ಳೆಗೆ ಹೇರ್ ಡ್ರೈಯರ್, ದೂರದಿಂದ.

ನೀರಿನ ನಡುವೆ ಸವಾರನಿಲ್ಲದ ಕುದುರೆ ಒಂದಿದೆ. ಹೊಳೆ ದಾಟುವಾಗ ವೆಲ್ಲೆಸ್ಲಿ ಪಕ್ಕದ ಸವಾರನೊಬ್ಬನ ತಲೆಯನ್ನೇ ತೋಪಿನ ಗುಂಡೊಂದು ಹಾರಿಸಿಕೊಂಡು ಹೋಗಿತ್ತು. ಅವನನ್ನ ಹಾಗೆ ಗೊಂಬೆ ಮಾಡಿ ನಿಲ್ಲಿಸೋಕೆ ನನಗೆ ಮನಸ್ಸು ಬರ್ಲಿಲ್ಲ, ಕುದುರೆ ಸಾಕು.

ಹಾಂ, ಮುಂದಿನದು ಈಗ್ಲೇ ತಲೇಲಿ ಓಡ್ತಿದೆ: ಆ ದಂಡಿನ ಎತ್ತುಗಳು. ವೆಲ್ಲೆಸ್ಲಿ ಸೈನ್ಯ ಅಷ್ಟು ಬೇಗ ಓಡಾಡಿದ್ದಕ್ಕೆ ನಮ್ಮ ಅಮೃತಮಹಲ್ ಎತ್ತುಗಳ ಋಣ ದೊಡ್ಡದು, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಅನ್ನೋ ದನಗಳ ಇಲಾಖೆಯಿಂದ ಬಂದು ಟಿಪ್ಪು ಕಾಲದಲ್ಲಿ ಆ ಹೆಸರು ಪಡೆದ ತಳಿ. ಮೈಸೂರು ಕುದುರೆ ಸವಾರರೂ ಆ ದಿನ ಅವನ ಜೊತೆ ಇದ್ರು. ಅಂಗಡೀಲಿ ಸಿಗೋ ಎತ್ತಿನ ಗೊಂಬೆಗಳೆಲ್ಲ ಯೂರೋಪಿನ ಮೊಂಡುಕೊಂಬಿನವು, ಹಿಣಿಲೇ ಇಲ್ಲ! ಹಿಂದಕ್ಕೆ ಬಾಗಿ ಮೇಲಕ್ಕೇರೋ ಆ ಉದ್ದ ಕೊಂಬನ್ನ ತಾಮ್ರದ ತಂತೀಲಿ ನಾನೇ ಮಾಡ್ಬೇಕು.

ಅದಕ್ಕೂ ಮುಂಚೆ ಆಚೆ ದಡದ ಗೋಲಂದಾಜರು, ಅಂದ್ರೆ ಮರಾಠರ ತೋಪು ಹಾರಿಸೋರು. ತೋಪು ಬಿಟ್ಟು ಕದಲದೆ ನಿಂತೋರು, ಬ್ರಿಟಿಷ್ ಸಾಲು ಮೇಲೆ ಹಾದುಹೋದ್ಮೇಲೆ ಸತ್ತಂತೆ ಬಿದ್ದಿದ್ದೋರು ಎದ್ದು ಅದೇ ತೋಪು ತಿರುಗಿಸಿ ಹಿಂದಿನಿಂದ ಹೊಡೆದ್ರು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸಾವಿರದ ಐನೂರಕ್ಕೂ ಮೇಲೆ. ಆ ಗೋಲಂದಾಜರ ಮುಖಗಳಿಗೆ ಟೈಮ್ ತಗೋತೀನಿ, ಸೊನ್ನೆ ನಂಬರ್ ಬ್ರಷ್ ಹೊಸದು ತರಬೇಕು. ಎರಡನೇ ಪದರ ಭಾನುವಾರ, ಬಾಣಲೇಲಿ ಇನ್ನೂ ಅರ್ಧ ಹಿಡಿ ಮಣ್ಣಿದೆ.